ರಾತ್ರಿ ಎರಡು ಗಂಟೆಯ ಕರೆಂಟು

ನಮ್ಮ ಚಿಕ್ಕಪ್ಪನ ತೋಟದ ಮೋಟಾರ್ ಶೆಡ್ಡಿನಲ್ಲಿ ಸ್ಟಾರ್ಟರ್ ಪಕ್ಕ ಒಂದು ಹಲಗೆ ಇದೆ. ಅದರ ಮೇಲೆ ಮೂರು ಪುಟ್ಟ ದೀಪ: ಕೆಂಪು, ಹಳದಿ, ನೀಲಿ. ಮೂರೂ ಉರಿಯುತ್ತಿದ್ದರೆ ತ್ರೀ ಫೇಸ್, ಅಂದರೆ ಮೋಟಾರಿಗೆ ಬೇಕಾದ ಮೂರೂ ತಂತಿಯ ಕರೆಂಟು, ಬಂದಿದೆ ಅಂತ. ಒಂದು ಆರಿದ್ದರೂ ಮೋಟಾರ್ ಮುಟ್ಟಬಾರದು, ಸುಟ್ಟು ಹೋಗುತ್ತದೆ. ಚಿಕ್ಕವನಿದ್ದಾಗ ಬೇಸಿಗೆ ರಜೆಗೆ ತಿಪಟೂರಿನ ಕಡೆಯ ಆ ಊರಿಗೆ ಹೋದರೆ, ರಾತ್ರಿ ಎರಡು ಗಂಟೆಗೆ ಚಿಲಕ ತೆಗೆಯುವ ಸದ್ದು ಕೇಳುತ್ತಿತ್ತು. ಚಿಕ್ಕಪ್ಪ ಟಾರ್ಚ್ ಹಿಡಿದು, ಲುಂಗಿ ಎತ್ತಿ ಕಟ್ಟಿ, ಆ ಮೂರು ದೀಪ ನೋಡಲು ಹೊರಡುತ್ತಿದ್ದರು. ಚಿಕ್ಕಮ್ಮ ಮಲಗಿದ್ದಲ್ಲಿಂದಲೇ "ಹಾವು ಹುಷಾರು" ಅನ್ನುತ್ತಿದ್ದರು.

"ಕರೆಂಟು ರಾತ್ರಿ ಹೊತ್ತೇ ಯಾಕೆ ಕೊಡ್ತಾರೆ ಚಿಕ್ಕಪ್ಪ?" ಅಂತ ಒಮ್ಮೆ ಕೇಳಿದ್ದೆ.

"ಹಗಲೊತ್ತು ನಿಮ್ ಬೆಂಗ್ಳೂರಿಗೆ ಬೇಕಲ್ಲಪ್ಪ" ಅಂದಿದ್ದರು. ಆ ಮಾತಲ್ಲಿ ಸಿಟ್ಟೇನೂ ಇರಲಿಲ್ಲ. ಮಳೆ ಯಾಕೆ ಜೂನಲ್ಲೇ ಬರುತ್ತೆ ಅಂತ ಕೇಳಿದ್ದರೂ ಅದೇ ದನಿಯಲ್ಲಿ ಹೇಳುತ್ತಿದ್ದರೇನೋ.

ಪ್ರತಿ ಬೇಸಿಗೆಗೂ ಪೇಪರಿನಲ್ಲಿ ಒಂದು ಸುದ್ದಿ ಬರುತ್ತದೆ: ವಿದ್ಯುತ್ ಬೇಡಿಕೆ ಏರಿಕೆ, ಹೊಸ ದಾಖಲೆ. 2025ರ ಬೇಸಿಗೆಯಲ್ಲಿ ರಾಜ್ಯದ ಬೇಡಿಕೆ 18,000 ಮೆಗಾವ್ಯಾಟ್ ದಾಟಿತು. ಆ ಸುದ್ದಿ ಓದಿದರೆ ಬೇಡಿಕೆ ಅನ್ನೋದು ಎಲ್ಲಿಂದಲೋ ತಾನಾಗೇ ಬರುವ ನೆರೆ, ನಮ್ಮ ಕೆಲಸ ಏನಿದ್ದರೂ ಕಟ್ಟೆ ಎತ್ತರಿಸೋದು ಅನ್ನಿಸುತ್ತದೆ. ನನಗೆ ಹಾಗನ್ನಿಸುವುದು ಯಾವತ್ತೋ ನಿಂತು ಹೋಗಿದೆ. ರಾತ್ರಿ ಎರಡಕ್ಕೆ ನೀರು ಬೇಕು ಅಂತ ತೆಂಗಿನಮರ ಕೇಳಿರಲಿಲ್ಲ. ಚಿಕ್ಕಪ್ಪನೂ ಕೇಳಿರಲಿಲ್ಲ. ಎಲ್ಲೋ ಕೂತವರು ಒಂದು ಪಟ್ಟಿ ಮಾಡಿ, ಈ ಫೀಡರಿಗೆ, ಅಂದರೆ ಊರಿಗೆ ಕರೆಂಟು ತರುವ ಈ ಲೈನಿಗೆ, ಇಷ್ಟು ಗಂಟೆಯಿಂದ ಇಷ್ಟು ಗಂಟೆ ಅಂತ ಬರೆದಿದ್ದರು. ಆ ಪಟ್ಟಿಯೇ ಚಿಕ್ಕಪ್ಪನ ಬೇಡಿಕೆಯಾಯಿತು.

ಪಟ್ಟಿ ಮಾಡಿದವರಿಗೂ ಕಾರಣ ಇತ್ತು ಬಿಡಿ. ಸಂಜೆ ಆರರಿಂದ ಹತ್ತರವರೆಗೆ ಊರೂರಲ್ಲಿ ದೀಪ, ಟಿವಿ, ಮಿಕ್ಸಿ. ಬೆಳಗ್ಗೆ ಗೀಸರ್. ಮಧ್ಯರಾತ್ರಿ ಎಲ್ಲ ಮಲಗಿದ ಮೇಲೆ ಕರೆಂಟಿಗೆ ಗಿರಾಕಿ ಇಲ್ಲ. ರಾಯಚೂರಿನ ಕಲ್ಲಿದ್ದಲ ಸ್ಥಾವರದಂಥದ್ದನ್ನು ರಾತ್ರಿ ಆರಿಸಿ ಬೆಳಗ್ಗೆ ಹಚ್ಚುವುದಕ್ಕೆ ಅದು ಒಲೆಯಲ್ಲ. ಉರಿಯುತ್ತಲೇ ಇರಬೇಕು. ಆ ಖಾಲಿ ಹೊತ್ತಿಗೆ ಯಾರನ್ನಾದರೂ ತಳ್ಳಬೇಕಿತ್ತು. ಎಬ್ಬಿಸಿದರೆ ಎದ್ದು ಬರುವವರು ರೈತರು. ಹಗಲೊತ್ತು ಅವರ ತ್ರೀ ಫೇಸ್ ಕಟ್ ಮಾಡಿದರೆ ಸಾಕು, ಕೆಲಸ ಆಯಿತು. ಮನೆ ದೀಪಕ್ಕೆ ಸಿಂಗಲ್ ಫೇಸ್ ಇದ್ದೇ ಇರುತ್ತಿತ್ತಲ್ಲ.

ಆದರೆ ಜನ ಪಟ್ಟಿಗೆ ತಕ್ಕಂತೆ ಸುಮ್ನೆ ಬಗ್ಗುವುದಿಲ್ಲ. ಮೊದಲು ಬಂದದ್ದು ಆಟೋ ಸ್ಟಾರ್ಟರ್. ತ್ರೀ ಫೇಸ್ ಬಂದ ಕೂಡಲೇ ಮೋಟಾರನ್ನು ತಾನೇ ಆನ್ ಮಾಡುವ ಪೆಟ್ಟಿಗೆ. ಚಿಕ್ಕಪ್ಪನೂ ಒಂದು ಹಾಕಿಸಿದರು, ಇನ್ನು ನಿದ್ದೆ ಮಾಡಬಹುದು ಅಂತ. ಊರಿನ ಎಲ್ಲರೂ ಹಾಕಿಸಿದರು. ಆಗ ಏನಾಯಿತು ಅಂದರೆ, ಕರೆಂಟು ಬಂದ ಆ ಕ್ಷಣಕ್ಕೇ ಒಂದೇ ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲಿನ ಎಲ್ಲ ಮೋಟಾರೂ ಒಟ್ಟಿಗೆ ಗುಯ್ಯೆಂದು ಏಳತೊಡಗಿದವು. ಮೋಟಾರು ಏಳುವಾಗ ಓಡುವಾಗಿನದಕ್ಕಿಂತ ಐದಾರು ಪಟ್ಟು ಹೆಚ್ಚು ಕರೆಂಟು ಎಳೆಯುತ್ತದೆ. ಟಿಸಿ ಸುಟ್ಟು ಹೋಗುತ್ತಿತ್ತು. ಹೊಸ ಟಿಸಿ ಬರಲು ವಾರ, ಹದಿನೈದು ದಿನ. ಬರುವಷ್ಟರಲ್ಲಿ ಹೂವಿನ ಗಿಡ ಬಾಡಿರುತ್ತಿತ್ತು. ಇನ್ನು ಕೆಲವರು ಕಂಡೆನ್ಸರ್ ಹಾಕಿ ಸಿಂಗಲ್ ಫೇಸಲ್ಲೇ ಮೋಟಾರ್ ಓಡಿಸುವ ವಿದ್ಯೆ ಕಲಿತರು. ಆಗ ಇಡೀ ಊರಿನ ದೀಪ ಕುಂಕುಮದ ಬೊಟ್ಟಿನ ಹಾಗೆ ಕೆಂಪಗಾಗುತ್ತಿತ್ತು. ವೋಲ್ಟೇಜ್ ಬಿದ್ದರೆ ಮೋಟಾರ್ ಬಿಸಿಯಾಗುತ್ತದೆ, ಸುಡುತ್ತದೆ. ಬೋರಿಂದ ಮೋಟಾರ್ ಎತ್ತಿಸಿ ವೈಂಡಿಂಗಿಗೆ ಒಯ್ಯಬೇಕು. ಎರಡು ಮೂರು ಸಲ ವೈಂಡಿಂಗ್ ಕಂಡ ಮೋಟಾರು ಮೊದಲಿನಷ್ಟು ನೀರನ್ನೂ ಎತ್ತುವುದಿಲ್ಲ, ಕರೆಂಟು ಮಾತ್ರ ಜಾಸ್ತಿ ತಿನ್ನುತ್ತದೆ. ಎಲ್ಲವೂ ಸೇರಿ ಪೇಪರಿನಲ್ಲಿ 'ಕೃಷಿ ಬಳಕೆ' ಅಂತ ಒಂದು ಅಂಕಿಯಾಗಿ ಬರುತ್ತಿತ್ತು.

ಆಟೋ ಸ್ಟಾರ್ಟರ್ ಹಾಕಿ, ಗೇಟ್ ವಾಲ್ವ್ ತೆರೆದಿಟ್ಟು ಮಲಗಿದವನಿಗೆ ಪೋಲು ಮಾಡ್ತಾನೆ ಅನ್ನುವುದು ಸುಲಭ. ಆದರೆ ಕರೆಂಟು ಯಾವಾಗ ಬರುತ್ತೆ, ಎಷ್ಟು ಹೊತ್ತು ಇರುತ್ತೆ ಗೊತ್ತಿಲ್ಲದವನು ಇದ್ದಾಗ ಎಲ್ಲ ಎಳೆದುಕೊಳ್ಳುತ್ತಾನೆ. ನಲ್ಲಿ ನೀರು ಎರಡು ದಿನಕ್ಕೊಮ್ಮೆ ಬರುವ ಬೀದಿಯಲ್ಲಿ ಮನೆಯ ಲೋಟ, ಚೊಂಬೂ ಬಿಡದೆ ತುಂಬಿಸಿ, ಮತ್ತೆ ನೀರು ಬಂದಾಗ ಹಳೆಯದನ್ನು ಚೆಲ್ಲುವುದಿಲ್ವಾ, ಹಾಗೆ.

ಇನ್ನೊಂದು ಲೆಕ್ಕ ಇದೆ, ಅದು ನನ್ನನ್ನು ಬಹಳ ಕಾಡಿದೆ. ಅಜ್ಜನ ಕಾಲದ ತೆರೆದ ಬಾವಿಯಲ್ಲಿ ನೀರು ಮೂವತ್ತು ಅಡಿಗೆ ಇತ್ತು. ಅದು ಬತ್ತಿತು. ಮೊದಲ ಬೋರು ಮುನ್ನೂರು ಅಡಿ. ಈಗಿನದರಲ್ಲಿ ಮೋಟಾರ್ ಎಂಟುನೂರು ಅಡಿಯಲ್ಲಿ ಕೂತಿದೆ. ಸಾವಿರ ಲೀಟರ್ ನೀರನ್ನು ಮೂವತ್ತು ಅಡಿಯಿಂದ ಎತ್ತಲು, ನಷ್ಟ ಗಿಷ್ಟ ಬಿಟ್ಟು ಬರೀ ಭೌತಶಾಸ್ತ್ರದ ಲೆಕ್ಕದಲ್ಲಿ, 0.025 ಯೂನಿಟ್ ಸಾಕು. ಎಂಟುನೂರು ಅಡಿಯಿಂದಾದರೆ ಸುಮಾರು 0.66 ಯೂನಿಟ್. ಅಂದರೆ ಇಪ್ಪತ್ತಾರು ಪಟ್ಟಿಗೂ ಜಾಸ್ತಿ. ತೋಟ ಅದೇ, ಮರ ಅದೇ, ಕಾಯಿಯೂ ಅಷ್ಟೇ. ಬೇಡಿಕೆ ಮಾತ್ರ ಇಪ್ಪತ್ತಾರು ಪಟ್ಟು. ಈ ಏರಿಕೆಗೆ ಯಾವ ಪವರ್ ಸ್ಟೇಷನ್ ಕಟ್ಟಿ ಏನು ಮಾಡುವುದು? ಇದು ನೀರಿನ ಸಮಸ್ಯೆ, ಕರೆಂಟಿನ ವೇಷ ಹಾಕಿಕೊಂಡು ಬಂದಿದೆ.

2008ರಿಂದ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಅದಕ್ಕೂ ಮುಂಚೆ ಎಚ್‌ಪಿ ಲೆಕ್ಕದಲ್ಲಿ ದುಡ್ಡು ಕಟ್ಟುವ ಪದ್ಧತಿ ಇತ್ತು, ಮೀಟರ್ ಇರಲಿಲ್ಲ. ರಾಜ್ಯದಲ್ಲಿ ಇಂಥ ಪಂಪ್‌ಸೆಟ್ 30 ಲಕ್ಷಕ್ಕೂ ಹೆಚ್ಚು. ಒಟ್ಟು ಕರೆಂಟಿನ ಸುಮಾರು ಮೂರನೇ ಒಂದು ಭಾಗ ಇವೇ ಕುಡಿಯುತ್ತವೆ ಅನ್ನುತ್ತಾರೆ. ಅಂದಾಜಿನ ಲೆಕ್ಕ ಅದು, ಮೀಟರ್ ಇಲ್ಲವಲ್ಲ. ಬೆಲೆ ಅನ್ನುವ ಹಗ್ಗ ಕೈಬಿಟ್ಟ ಮೇಲೆ ಸರ್ಕಾರದ ಕೈಯಲ್ಲಿ ಉಳಿದದ್ದು ಗಡಿಯಾರ ಒಂದೇ. ದಿನಕ್ಕೆ ಏಳು ಗಂಟೆ ಹೊತ್ತು ತ್ರೀ ಫೇಸ್, ಅಷ್ಟೇ. ಗುಜರಾತಿನವರು 2003ರಲ್ಲಿ ಜ್ಯೋತಿಗ್ರಾಮ ಅಂತ ಶುರು ಮಾಡಿ ಊರಿನ ಲೈನು, ತೋಟದ ಲೈನು ಬೇರೆ ಮಾಡಿದರು. ನಮ್ಮಲ್ಲೂ ನಿರಂತರ ಜ್ಯೋತಿ ಅಂತ ಅದೇ ಕೆಲಸ ಬಂತು. ಅದರಿಂದ ಊರಿನ ಮನೆಗಳಿಗೆ ಒಳ್ಳೆಯದಾಯಿತು, ಹಿಟ್ಟಿನ ಗಿರಣಿ ಹಗಲೆಲ್ಲ ಓಡಿತು, ಕಂಡೆನ್ಸರ್ ವಿದ್ಯೆಯೂ ಸ್ವಲ್ಪ ಕಮ್ಮಿಯಾಯಿತು. ತೋಟದ ಕಡೆಗೆ ಗಡಿಯಾರ ಇನ್ನಷ್ಟು ಬಿಗಿಯಾಯಿತು.

ಬೇಡಿಕೆಯನ್ನು ಕಟ್ಟುವ ಕೆಲಸ ನಮ್ಮಲ್ಲಿ ಹೊಸದೇನೂ ಅಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿದಾಗ ಅದು ಯಾರ ಮನೆಯ ದೀಪಕ್ಕೂ ಹೋಗಲಿಲ್ಲ. 147 ಕಿಲೋಮೀಟರ್ ತಂತಿ ಎಳೆದು ನೇರ ಕೋಲಾರದ ಚಿನ್ನದ ಗಣಿಗೆ ಒಯ್ದರು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಯೋಜನೆ. ಗಿರಾಕಿ ಯಾರು ಅಂತ ಗೊತ್ತು ಮಾಡಿಕೊಂಡೇ ಕೆಲಸಕ್ಕೆ ಇಳಿದಿದ್ದರು. ಬೆಂಗಳೂರಿನ ಬೀದಿದೀಪ ಹತ್ತಿದ್ದು ಆಮೇಲೆ, 1905ರ ಆಗಸ್ಟಿನಲ್ಲಿ. ಮುಂದೆ ಗಣಿಗೆ ಇನ್ನೂ ಕರೆಂಟು ಬೇಕಾಯಿತು, ಬೇಸಿಗೆಯಲ್ಲಿ ಕಾವೇರಿ ಸಣ್ಣಗಾಗುತ್ತಿತ್ತು. ಕನ್ನಂಬಾಡಿ ಕಟ್ಟೆ ಏಳುವುದಕ್ಕೆ ಇದೂ ಒಂದು ಕಾರಣ. ನಾವು ಮಂಡ್ಯದ ಗದ್ದೆಯನ್ನಷ್ಟೇ ನೆನೆಯುತ್ತೇವೆ.

ನಾನು ಹೇಳುತ್ತಿರುವುದನ್ನು ನನಗಿಂತ ಎಷ್ಟೋ ಮೊದಲು, ಎಷ್ಟೋ ಚೆನ್ನಾಗಿ ಹೇಳಿದವರು ಅಮೂಲ್ಯ ರೆಡ್ಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಆಗಿದ್ದರು. 1974ರಲ್ಲಿ ಅಲ್ಲಿ 'ಅಸ್ತ್ರ' ಅನ್ನುವ ಕೇಂದ್ರ ಶುರು ಮಾಡಿದರು. ಅಸ್ತ್ರ ಒಲೆ ನಮ್ಮ ಅಜ್ಜಿ ಮನೆಗೂ ಬಂದಿತ್ತು, ಹೊಗೆ ಕೊಳವೆ ಇದ್ದದ್ದು, ಒಂದೇ ಉರಿಗೆ ಮೂರು ಪಾತ್ರೆ ಇಡುವಂಥದ್ದು. ರೆಡ್ಡಿಯವರ ವಾದ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಜನಕ್ಕೆ ಕರೆಂಟು ಬೇಕಾಗಿಲ್ಲ. ಬೇಕಾಗಿರುವುದು ಬಿಸಿ ನೀರು, ಬೆಳಕು, ಬೆಂದ ಅನ್ನ, ಹೊಲಕ್ಕೆ ನೀರು. ಅದನ್ನು ಕೊಡುವುದಕ್ಕೆ ಎಷ್ಟು ಕಮ್ಮಿ ಶಕ್ತಿ ಸಾಕು ಅಂತ ಲೆಕ್ಕ ಹಾಕಿ, ಆಮೇಲೆ ಪವರ್ ಸ್ಟೇಷನ್ ಮಾತಾಡಿ.

ಅವರ ತಂಡ ಕುಣಿಗಲ್ ತಾಲ್ಲೂಕಿನ ಪುರ ಅನ್ನುವ ಊರಿನಲ್ಲಿ ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಕಟ್ಟಿತು. ಮೊದಲು ಅಡುಗೆಗೆ ಗ್ಯಾಸ್ ಕೊಡುವುದು ಅಂತ. ಊರಿನ ಸಗಣಿ ಎಲ್ಲ ಮನೆಯ ಅಡುಗೆಗೆ ಸಾಲಲಿಲ್ಲ. ಸೌದೆ ಹೇಗೂ ದುಡ್ಡಿಲ್ಲದೆ ಸಿಗುತ್ತಿತ್ತು, ಹಾಗಾಗಿ ಜನಕ್ಕೂ ಅದರಲ್ಲಿ ಅಂಥ ಆಸಕ್ತಿ ಇರಲಿಲ್ಲ. ಅವರಿಗೆ ಬೇಕಾಗಿದ್ದು ಕುಡಿಯುವ ನೀರು, ಆಮೇಲೆ ದೀಪ. ಸರಿ, ಅದೇ ಗ್ಯಾಸಿನಲ್ಲಿ ಎಂಜಿನ್ ಓಡಿಸಿ ನೀರೆತ್ತಿದರು, ದೀಪ ಹಚ್ಚಿದರು. ಸಗಣಿ ತೂಕ ಹಾಕಿ ತೆಗೆದುಕೊಂಡು ಬಗ್ಗಡವನ್ನು ಗೊಬ್ಬರಕ್ಕೆ ವಾಪಸ್ ಕೊಡುತ್ತಿದ್ದರು. ಅಷ್ಟೊಂದು ಓದಿದವರು ತಮ್ಮ ಮೊದಲ ಅಂದಾಜು ತಪ್ಪು ಅಂತ ಒಪ್ಪಿ ಊರಿನವರ ದಾರಿಗೆ ಬಂದದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

ಎಂಬತ್ತರ ದಶಕದ ಕೊನೆಯಲ್ಲಿ ಸರ್ಕಾರದ ಸಮಿತಿಯೊಂದು 2000ನೇ ಇಸವಿಗೆ ಕರ್ನಾಟಕಕ್ಕೆ ಇಷ್ಟು ಕರೆಂಟು ಬೇಕು ಅಂತ ದೊಡ್ಡ ಯೋಜನೆ ಮುಂದಿಟ್ಟಿತು. ರೆಡ್ಡಿ ಮತ್ತವರ ಸಂಗಡಿಗರು ಅದಕ್ಕೆ ಎದುರಾಗಿ ಇನ್ನೊಂದು ಲೆಕ್ಕ ಇಟ್ಟರು. ಬುರುಡೆ ಬಲ್ಬು ಬದಲಿಸಿ. ಗೀಸರ್ ಜಾಗಕ್ಕೆ ಸೋಲಾರ್ ತನ್ನಿ. ಪಂಪ್‌ಸೆಟ್ಟಿನ ಫುಟ್ ವಾಲ್ವು, ಪೈಪು ಸರಿ ಮಾಡಿ. ಸಕ್ಕರೆ ಕಾರ್ಖಾನೆಯ ಸಿಪ್ಪೆಯಿಂದ ಕರೆಂಟು ತೆಗೆಯಿರಿ. ಹೀಗೆಲ್ಲ ಮಾಡಿದರೆ ಸಮಿತಿ ಹೇಳಿದ್ದರ ಅರ್ಧಕ್ಕಿಂತ ಕಮ್ಮಿಯಲ್ಲಿ ಆಗುತ್ತದೆ, ಬಡವರ ಮನೆಗೂ ದೀಪ ಮುಟ್ಟುತ್ತದೆ ಅಂತ. ಆ ಪಟ್ಟಿಯಲ್ಲಿ ಫುಟ್ ವಾಲ್ವ್ ಹೆಸರು ಕಂಡಾಗ ನನಗೆ ಅಜ್ಜನ ಬಾವಿ ನೆನಪಾಯಿತು. ಬಾವಿಯ ತಳದಲ್ಲಿ ಆ ಕಬ್ಬಿಣದ ಬುಟ್ಟಿಯಂಥದ್ದಕ್ಕೆ ಪಾಚಿ, ಎಲೆ ಸಿಕ್ಕಿಕೊಂಡು, ಮೋಟಾರ್ ಏದುಸಿರು ಬಿಡುತ್ತಿತ್ತು. ಯಾರೂ ಅದನ್ನು ರಾಜ್ಯದ ಇಂಧನ ಸಮಸ್ಯೆ ಅಂದುಕೊಂಡಿರಲಿಲ್ಲ.

ಅವರ ಪಟ್ಟಿಯ ಕೆಲವು ಸಾಲು ತಡವಾಗಿಯಾದರೂ ನಿಜವಾದವು. ಬಿಸಿನೀರಿನದೇ ತಗೊಳ್ಳಿ. ನಮ್ಮ ಬಚ್ಚಲಲ್ಲಿ ತಾಮ್ರದ ಹಂಡೆ ಇತ್ತು, ಕೆಳಗೆ ತೆಂಗಿನ ಮಟ್ಟೆ, ಕರಟದ ಉರಿ. ಆ ಹಂಡೆಗೆ ಯಾವ ಅಂಕಿ ಅಂಶದಲ್ಲೂ ಜಾಗ ಇರಲಿಲ್ಲ. ಅಪ್ಪ ಬೆಂಗಳೂರಿಗೆ ಬಂದು ಬಾಡಿಗೆ ಮನೆ ಹಿಡಿದಾಗ ಹಂಡೆ ಅಟ್ಟ ಸೇರಿತು, ಗೋಡೆಗೆ ಗೀಸರ್ ಬಂತು. 'ಬೇಡಿಕೆ' ಹುಟ್ಟಿದ್ದು ಹೀಗೆ. ಸ್ನಾನ ಹಳೆಯದೇ. ಒಂದು ಬಕೆಟ್ ನೀರು, ಇಪ್ಪತ್ತು ಲೀಟರ್ ಅಂತಿಟ್ಟುಕೊಳ್ಳಿ, ಸ್ನಾನದ ಹದಕ್ಕೆ ಕಾಯಲು ಸುಮಾರು ಅರ್ಧ ಯೂನಿಟ್ ಬೇಕು. ಅದೇ ಅರ್ಧ ಯೂನಿಟ್ಟಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು ಎರಡು ದಿನಕ್ಕೂ ಜಾಸ್ತಿ ಉರಿಯುತ್ತದೆ. ದೀಪ ಆರಿಸು ದೀಪ ಆರಿಸು ಅಂತ ಮಗಳ ಹಿಂದೆ ಓಡಾಡುವ ನಾನು ಈ ಲೆಕ್ಕ ಹಾಕಿದ ದಿನ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

2007ರ ಹೊತ್ತಿಗೆ ಬೆಂಗಳೂರಿನಲ್ಲಿ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯವಾಯಿತು. ಹಾಕಿಸಿದವರಿಗೆ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ 50 ರೂಪಾಯಿ ಮೀರದಂತೆ ರಿಯಾಯಿತಿ. ಈಗ ಯಾವುದೇ ಲೇಔಟಿನ ಟೆರೇಸ್ ಹತ್ತಿ ನೋಡಿ, ಸಿಂಟೆಕ್ಸ್ ಟ್ಯಾಂಕಿನ ಪಕ್ಕ ಓರೆಯಾಗಿ ಕೂತ ಗಾಜಿನ ಕೊಳವೆಗಳು. ಯಾರೂ ಇದನ್ನು ದೊಡ್ಡ ಸುಧಾರಣೆ ಅಂತ ಮಾತಾಡುವುದಿಲ್ಲ. ಮೋಡ ಕವಿದ ದಿನ ಬೈಯುತ್ತಾರೆ ಅಷ್ಟೇ. ನನ್ನ ಲೆಕ್ಕದಲ್ಲಿ ನಮ್ಮ ರಾಜ್ಯ ಬೇಡಿಕೆಯ ವಿಷಯದಲ್ಲಿ ಮಾಡಿದ ಅತಿ ಜಾಣ ಕೆಲಸ ಇದೇ. ಯಾರ ನಿದ್ದೆಯೂ ಕೆಡಲಿಲ್ಲ. ಎಲ್‌ಇಡಿಯದೂ ಅಂಥದ್ದೇ. 2015ರಲ್ಲಿ ಶುರುವಾದ ಯೋಜನೆ, ನಮ್ಮಲ್ಲಿ 'ಹೊಸ ಬೆಳಕು' ಅಂತ ಬಂತು. ಸರ್ಕಾರವೇ ಒಟ್ಟಿಗೆ ಕೊಳ್ಳತೊಡಗಿದ ಮೇಲೆ 310 ರೂಪಾಯಿಯ ಬಲ್ಬು ಕೆಲವೇ ವರ್ಷದಲ್ಲಿ 40ಕ್ಕಿಂತ ಕೆಳಗಿಳಿಯಿತು.

ಆದರೆ ನಾನಿರುವುದು ಅಪಾರ್ಟ್‌ಮೆಂಟು. ಅಷ್ಟೂ ಮನೆಗೆ ಒಂದೇ ಟೆರೇಸು. ಸೋಲಾರ್ ನೀರು ಮೇಲಿನ ಎರಡು ಮಹಡಿಗೆ ಮುಗಿಯುತ್ತದೆ. ಉಳಿದವರಿಗೆ ಮತ್ತೆ ಗೀಸರ್. ಮನೆ ಕಟ್ಟುವ ರೀತಿ ಬದಲಾದರೆ ಬೇಡಿಕೆ ವಾಪಸ್ ಬರುತ್ತದೆ.

ಈಗ ಗೃಹಜ್ಯೋತಿಯ ಕಥೆ. ಮನೆಗಳಿಗೆ ಉಚಿತ ಕರೆಂಟು, 2023ರ ಜುಲೈನಿಂದ ಶುರು. ಉಚಿತ ಅಂದ ಕೂಡಲೇ ಜನ ಎಗ್ಗಿಲ್ಲದೆ ಬಳಸುತ್ತಾರೆ ಅಂತ ನಮ್ಮ ಲಿಫ್ಟಿನಲ್ಲಿ ದಿನಾ ಚರ್ಚೆ. ನಿಯಮ ಹಾಗಿಲ್ಲ ನೋಡಿ. 2022–23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದರ ಮೇಲೆ ಶೇ. 10. ಅಷ್ಟು ಉಚಿತ. ಅದನ್ನು ಮೀರಿದರೆ ಮೀರಿದಷ್ಟಕ್ಕೆ ದುಡ್ಡು. 200 ಯೂನಿಟ್ ದಾಟಿದರೆ ಪೂರ್ತಿಗೆ ದುಡ್ಡು. ನಮ್ಮ ಮನೆಯ ಸರಾಸರಿ 140, ಹಾಗಾಗಿ 154 ಉಚಿತ. 2024ರ ಏಪ್ರಿಲ್ ನೆನಪಿದೆಯಲ್ಲ, ಬೆಂಗಳೂರು ಬಾಣಲೆ ಆಗಿತ್ತು. ಆ ತಿಂಗಳು ನಮಗೆ 203 ಬಂತು. 199ಕ್ಕೆ ನಿಲ್ಲಿಸಿದ್ದರೆ 45 ಯೂನಿಟ್ಟಿಗೆ, ಆಗಿನ 5.90ರ ದರದಲ್ಲಿ, ಸುಮಾರು 265 ರೂಪಾಯಿ. ನಾಲ್ಕು ಯೂನಿಟ್ ಜಾಸ್ತಿ ಆಗಿದ್ದಕ್ಕೆ ಸುಮಾರು 1,200. ಫಿಕ್ಸೆಡ್ ಚಾರ್ಜು, ತೆರಿಗೆ ಬೇರೆ. ನಾಲ್ಕು ಯೂನಿಟ್ ಅಂದರೆ ಎಂಟು ಬಕೆಟ್ ಬಿಸಿನೀರು! ಆ ಬೇಸಿಗೆಯಲ್ಲಿ ಬಿಸಿನೀರು ಯಾರಿಗೆ ಬೇಕಿತ್ತು ಅಂತ ಹೆಂಡತಿ ನನ್ನ ಕಡೆ ನೋಡಿದಳು. ಆಮೇಲಿಂದ ತಿಂಗಳ ಇಪ್ಪತ್ತನೇ ತಾರೀಕಿಗೆ ಮೀಟರ್ ನೋಡಿ ಬರುವುದು ನಮ್ಮನೆ ವ್ರತ. ಬೆಲೆಗಿಂತ ಗೆರೆಗೆ ಜನ ಹೆಚ್ಚು ಹೆದರುತ್ತಾರೆ ಅನ್ನುವುದು ಅದನ್ನು ಎಳೆದವರಿಗೆ ಗೊತ್ತಿತ್ತೋ ಇಲ್ಲವೋ. ಒಂದು ಅನ್ಯಾಯವೂ ಇದೆ ಅದರಲ್ಲಿ. ಮೊದಲಿಂದ ಕಮ್ಮಿ ಬಳಸುತ್ತಿದ್ದ ಮನೆಗೆ ಕಮ್ಮಿ ಉಚಿತ, ಜಾಸ್ತಿ ಬಳಸುತ್ತಿದ್ದ ನಮ್ಮಂಥವರಿಗೆ ಜಾಸ್ತಿ. ಆಮೇಲೆ 48 ಯೂನಿಟ್ಟಿನ ಒಳಗಿನವರಿಗೆ ಶೇ. 10ರ ಬದಲು 10 ಯೂನಿಟ್ ಅಂತ ಮಾಡಿ ಸ್ವಲ್ಪ ಸರಿಪಡಿಸಿದರು.

ಇಷ್ಟರ ನಡುವೆ ಹೊತ್ತು ತಲೆಕೆಳಗಾಯಿತು. ಪಾವಗಡದಲ್ಲಿ 13,000 ಎಕರೆ ರೈತರ ಜಮೀನು ಗುತ್ತಿಗೆಗೆ ಪಡೆದು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು ಮಾಡಿ, 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಎದ್ದಿತು. 2019ರ ಕೊನೆಗೆ ಪೂರ್ತಿಯಾಯಿತು. ಬೇರೆ ಕಡೆಯೂ ಹೀಗೇ. ಈಗ ಕರೆಂಟು ಉಕ್ಕುವುದು ಮಧ್ಯಾಹ್ನ. ಉಕ್ಕುವ ಹೊತ್ತಿಗೆ ಗಿರಾಕಿ ಬೇಕಲ್ಲ, ಮತ್ತೆ ರೈತರನ್ನೇ ಕರೆದರು. ಚಿಕ್ಕಪ್ಪನ ಫೀಡರಿಗೆ ಈಗ ತ್ರೀ ಫೇಸ್ ಬೆಳಗ್ಗೆ ಒಂಬತ್ತಕ್ಕೆ. ಮೂವತ್ತು ವರ್ಷ ಅರ್ಜಿ ಕೊಟ್ಟರೂ ಆಗದ್ದು ಸೂರ್ಯನ ಲೆಕ್ಕದಲ್ಲಿ ಆಯಿತು. ರೈತರ ಮೇಲೆ ಕನಿಕರ ಬಂದು ಆದದ್ದಲ್ಲ, ಅದನ್ನೂ ಹೇಳಿಬಿಡಬೇಕು.

ಉಳಿದಿರುವುದು ಸಂಜೆ. ಸೂರ್ಯ ಮುಳುಗುತ್ತಾನೆ, ನಾವು ಆಫೀಸಿಂದ ಬಂದು ಎಲ್ಲ ಸ್ವಿಚ್ಚು ಹಾಕುತ್ತೇವೆ. ಆ ನಾಲ್ಕು ಗಂಟೆಗಾಗಿ ಈಗ ಶರಾವತಿ ಕಣಿವೆಯಲ್ಲಿ, ಸಿಂಗಳೀಕಗಳ ಕಾಡಿನೊಳಗೆ, 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಮಾಡಬೇಕು ಅಂತ ಹೊರಟಿದ್ದಾರೆ. ಕರೆಂಟು ಹೆಚ್ಚಿದ್ದಾಗ ಕೆಳಗಿನ ಗೇರುಸೊಪ್ಪೆ ಜಲಾಶಯದಿಂದ ಮೇಲಿನ ತಲಕಳಲೆ ಜಲಾಶಯಕ್ಕೆ ನೀರೆತ್ತುವುದು, ಬೇಕಾದಾಗ ಕೆಳಗೆ ಬಿಟ್ಟು ಕರೆಂಟು ತೆಗೆಯುವುದು. ಎಂಜಿನಿಯರಿಂಗ್ ಸರಿಯಾಗಿಯೇ ಇದೆ. ನನ್ನ ತಕರಾರು ಬೇರೆ. ಬೆಟ್ಟ ಕೊರೆಯುವ ಮುಂಚೆ ನನ್ನನ್ನು ಒಂದು ಮಾತು ಕೇಳಿದ್ದರಾ? ವಾಷಿಂಗ್ ಮೆಷಿನ್ ಸಂಜೆ ಏಳಕ್ಕೇ ಹಾಕಬೇಕಾ, ಮಧ್ಯಾಹ್ನ ಹಾಕಿದರೆ ಯೂನಿಟ್ಟಿಗೆ ಒಂದು ರೂಪಾಯಿ ಬಿಡ್ತೀವಿ, ಆಗುತ್ತಾ ಅಂತ. ದೊಡ್ಡ ಕಾರ್ಖಾನೆಗಳಿಗೆ ಸಂಜೆ ಒಂದು ದರ, ರಾತ್ರಿ ಒಂದು ದರ ಅನ್ನುವ ಪದ್ಧತಿ ವರ್ಷಗಳಿಂದ ಇದೆ. 2023ರ ಕೇಂದ್ರದ ನಿಯಮ ಮನೆಗಳಿಗೂ ಹಾಗೆ ಮಾಡಿ ಅಂದಿದೆ. ನನ್ನ ಬಿಲ್ಲಿನಲ್ಲಿ ಇನ್ನೂ ಒಂದೇ ದರ, ಹಗಲಿಗೂ ಸಂಜೆಗೂ. ಒಂದು ರೂಪಾಯಿಗೆ ನಾನು ನನ್ನ ಬಟ್ಟೆ ಒಗೆಯುವ ಹೊತ್ತು ಬದಲಿಸುತ್ತಿದ್ದೆನೋ ಇಲ್ಲವೋ, ಆ ಮಾತು ಬೇರೆ. ಯಾರೂ ಕೇಳಲಿಲ್ಲ. ಚಿಕ್ಕಪ್ಪನನ್ನು ಕೇಳದೇ ಮೂವತ್ತು ವರ್ಷ ರಾತ್ರಿ ಎಬ್ಬಿಸಿದರು, ನನ್ನನ್ನು ಕೇಳದೇ ಮಲಗಿಸಿದ್ದಾರೆ.

ಹೋದ ಯುಗಾದಿಗೆ ಊರಲ್ಲಿದ್ದೆ. ರಾತ್ರಿ ಎರಡಕ್ಕೆ ಚಿಲಕದ ಸದ್ದು. ಕನಸು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಚಿಕ್ಕಪ್ಪ ಟಾರ್ಚ್ ಆರಿಸಿ ಒಳಗೆ ಬಂದರು.

"ಈಗ ಕರೆಂಟು ಹಗಲಲ್ವಾ ಚಿಕ್ಕಪ್ಪ?"

"ಹೂಂ ಕಣಪ್ಪ. ಎಚ್ಚರ ಆಗೋಗುತ್ತೆ. ಸುಮ್ನೆ ಒಂದ್ ಸುತ್ತು ನೋಡ್ಕೊಂಡ್ ಬಂದೆ."

ಬೆಳಗ್ಗೆ ಇಡ್ಲಿ ತಿಂದು ಅವರ ಜೊತೆ ಶೆಡ್ಡಿಗೆ ಹೋದೆ. ಒಂಬತ್ತಕ್ಕೆ ಎರಡು ನಿಮಿಷ ಇದ್ದಾಗ ಅವರು ಹಲಗೆ ಮುಂದೆ ನಿಂತರು. ಮೂರೂ ದೀಪ ಹತ್ತಿದವು. ಆಟೋ ಸ್ಟಾರ್ಟರ್ ಟಕ್ ಅಂತು. ನಮ್ಮದು, ಪಕ್ಕದ ತೋಟದ್ದು, ಹಳ್ಳದ ಆಚೆಯದು, ಎಲ್ಲ ಒಂದೇ ಉಸಿರಿಗೆ ಗುಯ್ ಅಂದವು. ಪೈಪಿನ ಬಾಯಿಗೆ ನೀರು ಬರುವ ಮುಂಚೆಯೇ ಹಳದಿ ದೀಪ ಮಂಕಾಯಿತು, ಆರಿತು. ಚಿಕ್ಕಪ್ಪ ಸ್ಟಾರ್ಟರಿನ ಕೆಂಪು ಗುಂಡಿ ಒತ್ತಿ, ಜೇಬಿಂದ ಫೋನ್ ತೆಗೆದು ಲೈನ್‌ಮ್ಯಾನಿಗೆ ರಿಂಗ್ ಕೊಟ್ಟರು.